27ನೆಯ ಮತ: ಫೆಡರಲ್ ಹಣ ಬೇಡವೆಂದಿದ್ದ ಸೆನೆಟರ್ ಒಪ್ಪಿದ್ದು ಯಾವ ಬೆಲೆಗೆ?

ಕೇಂದ್ರದಿಂದ ಬರುವ ಹಣವನ್ನು ರಾಜ್ಯದ ಶಾಸಕರೊಬ್ಬರು ಬೇಡವೆಂದರೆ ಅದಕ್ಕೆ ಒಂದೇ ಕಾರಣವಿರುವುದು ಅಪರೂಪ. ಹೊರಗೆ ಕೇಳಿಸುವುದು ಒಂದೇ ಘೋಷಣೆ. ಒಳಗೆ ಮಾತ್ರ ನಾಲ್ಕೈದು ಆಕ್ಷೇಪಗಳು ಸುತ್ತಿಕೊಂಡಿರುತ್ತವೆ. ಅವುಗಳಲ್ಲಿ ಯಾವುದು ತತ್ವ, ಯಾವುದು ಲೆಕ್ಕಾಚಾರ, ಯಾವುದಕ್ಕೆ ಪರಿಹಾರವಿದೆ ಎಂದು ಬಿಡಿಸಿ ನೋಡದೆ ಮಾತುಕತೆಗೆ ಕೂತರೆ ಅದು ಮುರಿದುಬೀಳುತ್ತದೆ. ಅಮೆರಿಕದ ಅರ್ಕಾನ್ಸಾಸ್ ರಾಜ್ಯದಲ್ಲಿ 2014ರ ಫೆಬ್ರವರಿಯಲ್ಲಿ ನಡೆದದ್ದು ಇದನ್ನು ಅರಿಯಲು ಒಳ್ಳೆಯ ಪ್ರಕರಣ. ಅಲ್ಲಿನ ರಿಪಬ್ಲಿಕನ್ ಸೆನೆಟರ್ ಒಬ್ಬರ ಒಂದೇ ಮತದ ಮೇಲೆ ಸುಮಾರು ಲಕ್ಷ ಜನರ ಆರೋಗ್ಯ ವಿಮೆ ನಿಂತಿತ್ತು. ಹಿಂದಿನ ವರ್ಷ ಅದೇ ಯೋಜನೆಯ ವಿರುದ್ಧ ಮತ ಹಾಕಿದ್ದವರು ಅವರು. ಅವರ ಹೆಸರು ಇಲ್ಲಿ ಬೇಕಿಲ್ಲ, 'ಸೆನೆಟರ್' ಎಂದರೆ ಸಾಕು. ನೋಡಬೇಕಿರುವುದು ಅವರು ನಿಂತಿದ್ದ ಜಾಗವನ್ನು.

ಹಿನ್ನೆಲೆ

ಒಬಾಮಾ ಸರ್ಕಾರದ 2010ರ ಆರೋಗ್ಯ ಕಾಯ್ದೆಯು ಬಡವರ ವೈದ್ಯಕೀಯ ನೆರವಾದ ಮೆಡಿಕೇಡ್ ಅನ್ನು ಬಡತನ ರೇಖೆಯ ಶೇ 138ರವರೆಗಿನ ಆದಾಯದ ಎಲ್ಲ ವಯಸ್ಕರಿಗೂ ವಿಸ್ತರಿಸಲು ಹೊರಟಿತ್ತು. 2014ರ ಲೆಕ್ಕದಲ್ಲಿ ಒಂಟಿ ವ್ಯಕ್ತಿಗೆ ಅದು ವರ್ಷಕ್ಕೆ ಸುಮಾರು 16,100 ಡಾಲರ್. ಇದನ್ನು ರಾಜ್ಯಗಳ ಮೇಲೆ ಹೇರುವಂತಿಲ್ಲ, ಒಪ್ಪುವುದು ಬಿಡುವುದು ಅವುಗಳ ಇಷ್ಟ ಎಂದು ಸುಪ್ರೀಂ ಕೋರ್ಟ್ 2012ರ ಜೂನ್ 28ರಂದು ಹೇಳಿತು. ಅಲ್ಲಿಂದ ಪ್ರಶ್ನೆ ವಾಷಿಂಗ್ಟನ್ ಬಿಟ್ಟು ಐವತ್ತು ರಾಜ್ಯಗಳ ಶಾಸನಸಭೆಗಳ ಅಂಗಳಕ್ಕೆ ಬಂತು.

ಹಣದ ಷರತ್ತು ಮೇಲ್ನೋಟಕ್ಕೆ ಧಾರಾಳವಾಗಿತ್ತು. 2014ರಿಂದ 2016ರವರೆಗೆ ಹೊಸದಾಗಿ ಸೇರುವವರ ಪೂರ್ತಿ ವೆಚ್ಚ ಫೆಡರಲ್ ಸರ್ಕಾರದ್ದು. 2017ರಲ್ಲಿ ಶೇ 95, 2018ರಲ್ಲಿ 94, 2019ರಲ್ಲಿ 93, 2020ರಿಂದ ಮುಂದಕ್ಕೆ 90. ವಿರೋಧಿಗಳು ಕಣ್ಣಿಟ್ಟದ್ದು ಈ ಇಳಿಜಾರಿನ ಮೇಲೆಯೇ: ಮೊದಲ ಮೂರು ವರ್ಷ ಬಿಟ್ಟಿ, ಆಮೇಲೆ ನೂರಕ್ಕೆ ಹತ್ತು ಡಾಲರ್ ರಾಜ್ಯದ ಬೊಕ್ಕಸದಿಂದ. ಅಷ್ಟರಲ್ಲಿ ಜನರಿಗೆ ಸವಲತ್ತು ರೂಢಿಯಾಗಿರುತ್ತದೆ, ಹಿಂದಕ್ಕೆ ಪಡೆಯುವ ಧೈರ್ಯ ಯಾರಿಗೂ ಇರುವುದಿಲ್ಲ.

ಅರ್ಕಾನ್ಸಾಸ್‌ನಲ್ಲಿ ಅಗತ್ಯವೇನೂ ಸಣ್ಣದಾಗಿರಲಿಲ್ಲ. ಮಕ್ಕಳಿರುವ ತಂದೆತಾಯಂದಿರಿಗೂ ಅಲ್ಲಿ ಮೆಡಿಕೇಡ್ ಸಿಗುತ್ತಿದ್ದದ್ದು ಆದಾಯ ಬಡತನ ರೇಖೆಯ ಶೇ 17ಕ್ಕಿಂತ ಕಡಿಮೆಯಿದ್ದರೆ ಮಾತ್ರ. ಅಂಗವೈಕಲ್ಯವಿಲ್ಲದ, ಮಕ್ಕಳಿಲ್ಲದ ವಯಸ್ಕರಿಗೆ ಸಿಗುತ್ತಲೇ ಇರಲಿಲ್ಲ. ಗ್ಯಾಲಪ್ ಸಮೀಕ್ಷೆಯ ಪ್ರಕಾರ 2013ರಲ್ಲಿ ರಾಜ್ಯದ ವಯಸ್ಕರಲ್ಲಿ ಶೇ 22.5 ಮಂದಿಗೆ ಯಾವ ವಿಮೆಯೂ ಇರಲಿಲ್ಲ. ಆದರೆ ರಾಜಕೀಯ ಗಾಳಿ ತಿರುಗಿತ್ತು. ಗವರ್ನರ್ ಡೆಮಾಕ್ರಟ್ ಆಗಿದ್ದರೂ 2012ರ ಚುನಾವಣೆಯಲ್ಲಿ ಎರಡೂ ಸದನಗಳು ರಿಪಬ್ಲಿಕನ್ನರ ಕೈಗೆ ಬಂದಿದ್ದವು. ಅಂತರ್ಯುದ್ಧದ ನಂತರದ ಪುನರ್ನಿರ್ಮಾಣ ಕಾಲದಿಂದ ಈಚೆಗೆ ಹೀಗಾದದ್ದು ಅದೇ ಮೊದಲು.

ತೊಡಕು ಎಲ್ಲಿತ್ತು

ಬಹುಮತವಷ್ಟೇ ಬೇಕಿದ್ದರೆ ಇದು ಪ್ರಕರಣವೇ ಆಗುತ್ತಿರಲಿಲ್ಲ. ಶಿಕ್ಷಣ, ಹೆದ್ದಾರಿಯಂಥ ಕೆಲವನ್ನು ಬಿಟ್ಟರೆ ಬಹುತೇಕ ಧನವಿನಿಯೋಗ ಮಸೂದೆಗಳಿಗೆ ಅರ್ಕಾನ್ಸಾಸ್ ಸಂವಿಧಾನ ಮುಕ್ಕಾಲು ಪಾಲು ಮತ ಕೇಳುತ್ತದೆ. ಕೆಳಮನೆಯಾದ ಹೌಸ್‌ನಲ್ಲಿ 100ಕ್ಕೆ 75, ಮೇಲ್ಮನೆಯಾದ ಸೆನೆಟ್‌ನಲ್ಲಿ 35ಕ್ಕೆ 27. ಅಂದರೆ ಸೆನೆಟ್‌ನಲ್ಲಿ ಒಂಬತ್ತು ಮಂದಿ ಕೈಕಟ್ಟಿ ಕೂತರೆ ಯೋಜನೆ ಮುಗಿಯಿತು. ಇದಕ್ಕೆ ಇನ್ನೊಂದು ನಿಯಮ ಕೂಡಿಕೊಂಡಿತ್ತು. 2008ರಲ್ಲಿ ಮತದಾರರು ಒಪ್ಪಿದ 86ನೇ ತಿದ್ದುಪಡಿಯಿಂದಾಗಿ ಸದನ ಪ್ರತಿ ವರ್ಷ ಸೇರುತ್ತದೆ, ಹಣಕ್ಕೆ ಕೊಡುವ ಒಪ್ಪಿಗೆ ಒಂದೇ ವರ್ಷದ್ದು. ಕಾನೂನು ಒಮ್ಮೆ ಪಾಸಾದರೂ ಅದಕ್ಕೆ ಹಣ ಸಿಗಲು ಪ್ರತಿ ವರ್ಷ 27 ಮತ್ತು 75 ತಲೆಗಳನ್ನು ಹೊಸದಾಗಿ ಎಣಿಸಬೇಕು.

ನಮ್ಮ ವಿಧಾನಸಭೆಯ ಕಣ್ಣಿನಿಂದ ನೋಡುವವರಿಗೆ ಇದು ವಿಚಿತ್ರವಾಗಿ ಕಂಡೀತು. ಇಲ್ಲಿ ಧನವಿನಿಯೋಗ ಮಸೂದೆಗೆ ಸರಳ ಬಹುಮತ ಸಾಕು, ವಿಪ್ ಮೀರಿದರೆ ಹತ್ತನೇ ಅನುಸೂಚಿಯಡಿ ಸದಸ್ಯತ್ವಕ್ಕೇ ಕುತ್ತು. ಬಿಡಿ ಸದಸ್ಯರೊಬ್ಬರು ತಮ್ಮ ಮತಕ್ಕೆ ನೀತಿಯ ಬೆಲೆ ಕಟ್ಟುವ ಅವಕಾಶ ಇಲ್ಲಿ ಇಲ್ಲವೆಂದೇ ಹೇಳಬೇಕು. ಅಲ್ಲಿ ಪಕ್ಷಾಂತರ ನಿಷೇಧವಿಲ್ಲ, ಮುಕ್ಕಾಲು ಪಾಲಿನ ಗೋಡೆಯಿದೆ. ಚೌಕಾಸಿ ಹುಟ್ಟುವುದು ಈ ಎರಡರ ನಡುವೆ.

ಮೊದಲ ವರ್ಷದ ಪ್ರಯತ್ನ

2013ರಲ್ಲಿ ಮೂವರು ನಾಲ್ವರು ರಿಪಬ್ಲಿಕನ್ ಶಾಸಕರೇ ಒಂದು ದಾರಿ ಹುಡುಕಿದರು. ಹೊಸಬರನ್ನು ಸರ್ಕಾರಿ ಮೆಡಿಕೇಡ್‌ಗೆ ಸೇರಿಸುವ ಬದಲು ಅದೇ ಫೆಡರಲ್ ಹಣದಿಂದ ವಿಮಾ ಮಾರುಕಟ್ಟೆಯಲ್ಲಿ ಖಾಸಗಿ ಪಾಲಿಸಿ ಕೊಂಡುಕೊಡುವುದು. 'ಪ್ರೈವೇಟ್ ಆಪ್ಷನ್' ಎಂಬ ಹೆಸರು ಇದಕ್ಕೆ ಅಂಟಿತು. ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಕಟ್ಟಿದ್ದು ಇದರ ಜಾಣತನ. ಸರ್ಕಾರಿ ಯೋಜನೆ ಹಿಗ್ಗುತ್ತದೆ ಎಂದವರಿಗೆ ಖಾಸಗಿ ವಿಮೆಯನ್ನು ತೋರಿಸಲಾಯಿತು. ಕೇಂದ್ರ ಮುಂದೆ ಕೈಕೊಡುತ್ತದೆ ಎಂದವರಿಗಾಗಿ ಕಾನೂನಿನಲ್ಲೇ ಕಡಿತದ ಗುಂಡಿ ಇಡಲಾಯಿತು: ಒಪ್ಪಿದ ಪ್ರಮಾಣಕ್ಕಿಂತ ಫೆಡರಲ್ ಪಾಲು ಇಳಿದರೆ 120 ದಿನದೊಳಗೆ ಯೋಜನೆ ನಿಲ್ಲಬೇಕು.

ಹೌಸ್‌ನಲ್ಲಿ ಮೊದಲ ಯತ್ನ ಬಿದ್ದಿತು, ಮರುದಿನ 77–23ರಿಂದ ಗೆದ್ದಿತು. ಸೆನೆಟ್‌ನಲ್ಲಿ 28–7. ಬೇಕಿದ್ದದ್ದಕ್ಕಿಂತ ಒಂದೇ ಒಂದು ಮತ ಹೆಚ್ಚು. ಸೆಪ್ಟೆಂಬರ್ 27ರಂದು ಫೆಡರಲ್ ಅನುಮತಿ ಬಂತು, 2014ರ ಜನವರಿ 1ರಿಂದ ವಿಮೆ ಜಾರಿಯಾಯಿತು.

ನಮ್ಮ ಸೆನೆಟರ್ ಆ ಏಳು ಮಂದಿಯಲ್ಲಿ ಒಬ್ಬರು. ಖಾಸಗಿ ವಿಮೆಯಾಗಲಿ ಕಡಿತದ ಗುಂಡಿಯಾಗಲಿ ಅವರನ್ನು ಅಲುಗಿಸಲಿಲ್ಲ. ಕಾರಣ ಸರಳ: ಅವರ ಮುಖ್ಯ ಆಕ್ಷೇಪ ಅದಾಗಿರಲೇ ಇಲ್ಲ. ಉದ್ಯೋಗ ತರಬೇತಿ ಕ್ಷೇತ್ರದಲ್ಲಿ ಬಹುಕಾಲ ದುಡಿದಿದ್ದ ಅವರ ವಾದ ಬೇರೆ ಇತ್ತು. ಕಡಿಮೆ ಕೂಲಿಯಲ್ಲಿ ಸಿಕ್ಕಿಕೊಂಡವನಿಗೆ ವಿಮೆಯ ಕಾರ್ಡ್ ಕೊಟ್ಟರೆ ಅವನು ಅಲ್ಲೇ ಉಳಿಯುತ್ತಾನೆ, ಮೇಲಿನ ಮೆಟ್ಟಿಲು ಹತ್ತುವ ಕೌಶಲ ಯಾರು ಕೊಡುತ್ತಾರೆ? ತರಬೇತಿಯ ಹಣ ರಾಜ್ಯದ ಹಲವು ಇಲಾಖೆಗಳಲ್ಲಿ ಹರಿದು ಹಂಚಿಹೋಗಿದೆ. ಉದ್ಯೋಗ ಸೇವೆಗಳದ್ದು ಒಂದು ಕಡೆ, ವೃತ್ತಿ ಶಿಕ್ಷಣದ್ದು ಇನ್ನೊಂದು ಕಡೆ, ಎರಡು ವರ್ಷದ 22 ಕಾಲೇಜುಗಳದ್ದು ಮತ್ತೊಂದು ಕಡೆ, ಆರ್ಥಿಕಾಭಿವೃದ್ಧಿ ಆಯೋಗದ್ದು ಮಗದೊಂದು. ಯಾವ ಕಾರ್ಖಾನೆಗೆ ಎಂಥ ಕೆಲಸಗಾರ ಬೇಕು ಎಂದು ಕೇಳುವವರು ಇಲ್ಲ.

2013ರ ಮಾತುಕತೆಯಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ. ಸಿಗುವ ಅಗತ್ಯವೂ ಬೀಳಲಿಲ್ಲ ಎನ್ನುವುದೇ ಹೆಚ್ಚು ಸರಿ. 28 ಮತ ಕೈಯಲ್ಲಿದ್ದಾಗ 29ನೆಯವರ ಅಳಲನ್ನು ಯಾರು ಕೇಳುತ್ತಾರೆ?

ಲೆಕ್ಕ ತಲೆಕೆಳಗಾದ ಫೆಬ್ರವರಿ

2014ರ ಜನವರಿಯಲ್ಲಿ ಡೆಮಾಕ್ರಟ್ ಒಬ್ಬರ ರಾಜೀನಾಮೆಯಿಂದ ತೆರವಾಗಿದ್ದ ಸೆನೆಟ್ ಸ್ಥಾನಕ್ಕೆ ಉಪಚುನಾವಣೆ ನಡೆದು, ಯೋಜನೆಯನ್ನು ವಿರೋಧಿಸಿ ಪ್ರಚಾರ ಮಾಡಿದ ರಿಪಬ್ಲಿಕನ್ ಗೆದ್ದರು. 28 ಇದ್ದದ್ದು 27ಕ್ಕೆ ಇಳಿಯಿತು. ಹಿಂದಿನ ವರ್ಷ ಪರವಾಗಿದ್ದ ಇನ್ನೊಬ್ಬ ರಿಪಬ್ಲಿಕನ್ ಈ ಬಾರಿ ಮತ ಹಾಕುವುದಿಲ್ಲ ಎಂದರು. 26. ಜನವರಿ ಒಂದರಿಂದ ಚಾಲ್ತಿಗೆ ಬಂದ ವಿಮೆ ಜೂನ್ ಕೊನೆಯ ಆರ್ಥಿಕ ವರ್ಷದ ಅಂತ್ಯಕ್ಕೇ ನಿಲ್ಲುವ ಸ್ಥಿತಿ ಬಂತು. ಯೋಜನೆ ಬಿದ್ದರೆ ರಾಜ್ಯ ಬಜೆಟ್‌ನಲ್ಲೂ ದೊಡ್ಡ ತೂತು ಬೀಳುತ್ತಿತ್ತು. ಫೆಡರಲ್ ಹಣದಿಂದ ಉಳಿಯುವ ರಾಜ್ಯದ ಖರ್ಚನ್ನು ಮುಂದಿಟ್ಟುಕೊಂಡು 2013ರಲ್ಲೇ ತೆರಿಗೆ ಕಡಿತ ಮಾಡಿಯಾಗಿತ್ತು. ಬೇಡವೆಂದವರು ಈಗ ಬಿಟ್ಟುಕೊಡಬೇಕಿದ್ದದ್ದು ಬರೀ ವಾಷಿಂಗ್ಟನ್ನಿನ ಹಣವನ್ನಲ್ಲ, ತಾವೇ ಕೊಟ್ಟ ತೆರಿಗೆ ವಿನಾಯಿತಿಯನ್ನೂ. ಫೆಡರಲ್ ಅನುದಾನವನ್ನು ವಿರೋಧಿಸುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು: ಬರಲಿರುವ ಹಣದ ಆಧಾರದ ಮೇಲೆ ಬಜೆಟ್ ಕಟ್ಟಲು ಒಮ್ಮೆ ಸುಮ್ಮನಿದ್ದುಬಿಟ್ಟರೆ ಆಮೇಲೆ ವಿರೋಧಕ್ಕೆ ಅರ್ಧ ಬಲವೂ ಉಳಿಯುವುದಿಲ್ಲ.

ಗವರ್ನರ್ ಕಚೇರಿಗೆ ಈಗ ಆ ಏಳು ಮಂದಿ ಹಳೆಯ ವಿರೋಧಿಗಳಲ್ಲಿ ಒಬ್ಬರಾದರೂ ಬೇಕಿತ್ತು. ಎಲ್ಲರನ್ನೂ ಒಟ್ಟಾಗಿ ಓಲೈಸಲು ಹೋಗಿದ್ದರೆ ಕೆಲಸ ಕೆಡುತ್ತಿತ್ತು. ಅವರಲ್ಲಿ ಕೆಲವರಿಗೆ ಒಬಾಮಾ ಕಾಯ್ದೆಯ ಹೆಸರೇ ಆಗದು, ಅವರಿಗೆ ಕೊಡಲು ಯಾರ ಬಳಿಯೂ ಏನೂ ಇರಲಿಲ್ಲ. ನಮ್ಮ ಸೆನೆಟರ್ ಆಕ್ಷೇಪಕ್ಕೆ ಮಾತ್ರ ಕೊಡಬಹುದಾದ ಉತ್ತರವೊಂದಿತ್ತು, ಅದೂ ರಾಜ್ಯದ ಕೈಯಲ್ಲೇ ಇತ್ತು.

ಒಪ್ಪಂದ ಹೀಗಿತ್ತು: ಅವರು ಹಣಕಾಸು ಮಸೂದೆಗೆ ಮತ ಹಾಕುತ್ತಾರೆ. ಪ್ರತಿಯಾಗಿ ಆಡಳಿತವು ಹಲವು ಇಲಾಖೆಗಳಲ್ಲಿ ಚದುರಿದ್ದ ತರಬೇತಿ ವೆಚ್ಚವನ್ನು ಮರುಹೊಂದಿಸಿ, ಉದ್ಯೋಗದಾತರ ಬೇಡಿಕೆಗೆ ತಕ್ಕ ಕೌಶಲ ಕಲಿಸುವತ್ತ ತಿರುಗಿಸುತ್ತದೆ. ಹೊಸ ತೆರಿಗೆ ಇಲ್ಲ, ಇರುವ ಹಣಕ್ಕೇ ಹೊಸ ದಾರಿ. ಸೆನೆಟರ್ ಇದನ್ನು ಮುಚ್ಚಿಡಲಿಲ್ಲ, ಬಹಿರಂಗವಾಗಿಯೇ ಹೇಳಿದರು. ಸ್ವಪಕ್ಷದ ಕೆಲವರು ಇದನ್ನು ಮತದ ವ್ಯಾಪಾರ ಎಂದು ಜರಿದರು. ನಮಗೆ ಹಾಗೆ ಕಾಣುವುದಿಲ್ಲ. ತನ್ನ ಕ್ಷೇತ್ರಕ್ಕೊಂದು ಸೇತುವೆ ಕೇಳುವುದು ವ್ಯಾಪಾರ. ಎತ್ತಿದ ಆಕ್ಷೇಪಕ್ಕೇ ಪರಿಹಾರ ಕೇಳುವುದು ಶಾಸಕರ ಕೆಲಸ.

ಫೆಬ್ರವರಿ 20ರಂದು ಸೆನೆಟ್ ಮತ ಹಾಕಿತು. 27–8. ಹಿಂದಿನ ವರ್ಷದ 28ರಲ್ಲಿ ಇಬ್ಬರು ಹೋಗಿ ಒಬ್ಬರು ಬಂದಿದ್ದರು.

ಹೌಸ್‌ನಲ್ಲಿ ಐದು ಸಲ

ಸೆನೆಟ್‌ನಲ್ಲಿ ಒಬ್ಬರನ್ನು ಒಪ್ಪಿಸಿದರೆ ಮುಗಿಯಿತು. ಹೌಸ್‌ನ ಕಥೆ ಬೇರೆ. ಫೆಬ್ರವರಿ 18ರ ಮೊದಲ ಮತದಾನದಲ್ಲಿ ಸಿಕ್ಕಿದ್ದು 70. ಆಮೇಲೂ ಮೂರು ಸಲ 75 ಮುಟ್ಟಲಿಲ್ಲ. ಹೌಸ್‌ನ ಸ್ಪೀಕರ್ ಪ್ರತಿ ಸೋಲಿನ ನಂತರವೂ ಅದೇ ಮಸೂದೆಯನ್ನು ಮತ್ತೆ ತಂದರು, ಬೇರೆ ಬಜೆಟ್ ಬೇಕೆನ್ನುವವರು ಮುಂದೆ ಬನ್ನಿ ಎಂಬ ಒತ್ತಡವೂ ಜೊತೆಗಿತ್ತು. ಮಾರ್ಚ್ 4ರ ಐದನೆಯ ಸಲ 76–24.

ಇಲ್ಲಿ ಇನ್ನೊಂದು ಬಗೆಯ ವಿರೋಧಿಯನ್ನು ಕಾಣಬಹುದು. ಯೋಜನೆಯನ್ನು ಬೀಳಿಸುವ ಶಕ್ತಿ ತಮ್ಮ ಬಣಕ್ಕೆ ಕೊನೆಯವರೆಗೂ ಉಳಿಯದು ಎಂದು ಅಳೆದುಕೊಂಡ ಹೌಸ್ ಸದಸ್ಯರೊಬ್ಬರು ಮಸೂದೆಯೊಳಗೆ ನಿರ್ಬಂಧಗಳನ್ನು ತುರುಕಿ, ಆಮೇಲೆ ಪರವಾಗಿ ಮತ ಹಾಕಿದರು. ಮುಖ್ಯವಾದದ್ದು: ಜನರನ್ನು ಯೋಜನೆಗೆ ಸೇರಿಸಲು ಪ್ರಚಾರ ಮಾಡುವುದಕ್ಕೆ ರಾಜ್ಯ ಹಣ ಖರ್ಚು ಮಾಡುವಂತಿಲ್ಲ. ಸದಸ್ಯತ್ವ ಹೆಚ್ಚದಿದ್ದರೆ ಮುಂದೆ ಬೀಳಿಸುವುದು ಸುಲಭ ಎಂಬ ಲೆಕ್ಕಾಚಾರ. ಜೊತೆಗೆ ಬಡತನ ರೇಖೆಯ ಅರ್ಧಕ್ಕಿಂತ ಹೆಚ್ಚು ಆದಾಯದವರಿಂದ ಸಣ್ಣ ಪಾಲು ಶುಲ್ಕ ಕೇಳುವ ಷರತ್ತೂ ಬಂತು.

ಇಬ್ಬರೂ ವಿರೋಧಿಗಳೇ, ಇಬ್ಬರೂ ಕೊನೆಗೆ 'ಹೌದು' ಎಂದವರು. ಒಬ್ಬರು ಯೋಜನೆಗೆ ಪಕ್ಕದಲ್ಲಿ ಇನ್ನೊಂದು ಸೇವೆಯನ್ನು ಕಟ್ಟಿಸಿದರು. ಇನ್ನೊಬ್ಬರು ಇದ್ದ ಸೇವೆಯ ಬಾಗಿಲನ್ನು ಕಿರಿದು ಮಾಡಿದರು. ಸದನದ ದಾಖಲೆಯಲ್ಲಿ ಎರಡೂ ಒಂದೇ ಅಕ್ಷರದ 'ಹೌದು'.

ಒಪ್ಪಂದದ ದುರ್ಬಲ ಗಂಟು

ಸೆನೆಟರ್ ಕೊಟ್ಟದ್ದು ಅಂದೇ ಚಲಾವಣೆಯಾಗುವ ಮತ, ಪಡೆದದ್ದು ಮುಂದಿನ ದಿನಗಳ ಭರವಸೆ. ಭರವಸೆ ಕೊಟ್ಟ ಗವರ್ನರ್ ಅವಧಿ 2015ರ ಜನವರಿಗೆ ಮುಗಿಯುತ್ತಿತ್ತು, ಅವರು ಮತ್ತೆ ಸ್ಪರ್ಧಿಸುವಂತಿರಲಿಲ್ಲ. ಇಂಥ ಕಡೆ ಬಹಳಷ್ಟು ಒಪ್ಪಂದಗಳು ಒಣಗಿಹೋಗುತ್ತವೆ. ಆಡಳಿತಾತ್ಮಕ ಮರುಹಂಚಿಕೆಗೆ ಶಾಸನದ ಬೆನ್ನೆಲುಬು ಇರುವುದಿಲ್ಲ, ಹೊಸ ಗವರ್ನರ್ ಒಂದು ಸಹಿಯಲ್ಲಿ ಅದನ್ನು ಹಿಂದಕ್ಕೆ ತಿರುಗಿಸಬಹುದು.

ಇಲ್ಲಿ ಒಣಗದಿರಲು ಮೂರು ಸಂಗತಿ ಕೂಡಿಬಂದವು. 2014ರ ಜುಲೈ 22ರಂದು ಫೆಡರಲ್ ಸರ್ಕಾರ ಉದ್ಯೋಗ ತರಬೇತಿಯ ಹೊಸ ಕಾಯ್ದೆ ತಂದು, ಇಲಾಖೆಗಳ ಕಾರ್ಯಕ್ರಮಗಳನ್ನು ಒಗ್ಗೂಡಿಸಿದ ರಾಜ್ಯ ಯೋಜನೆ ಸಲ್ಲಿಸಿ ಎಂದಿತು. ಅಂದರೆ ಸೆನೆಟರ್ ಬಯಸಿದ್ದ ಸುಧಾರಣೆಗೆ ಬಲ ಬಂದದ್ದೂ ಅವರು ದೂರವಿಡಬಯಸಿದ್ದ ವಾಷಿಂಗ್ಟನ್ನಿನಿಂದಲೇ. ಎರಡನೆಯದಾಗಿ, ನವೆಂಬರ್‌ನಲ್ಲಿ ಗೆದ್ದ ರಿಪಬ್ಲಿಕನ್ ಗವರ್ನರ್‌ಗೂ ಉದ್ಯೋಗ ಕೌಶಲ ಇಷ್ಟದ ವಿಷಯವಾಗಿತ್ತು. ಮೂರನೆಯದು ಎಲ್ಲಕ್ಕಿಂತ ತೂಕದ್ದು: ಸೆನೆಟರ್ ಮಾತಿಗೆ ಜೋತುಬೀಳದೆ 2015ರ ಅಧಿವೇಶನದಲ್ಲಿ ಅದನ್ನು ಕಾನೂನಾಗಿಸುವ ಬೆನ್ನುಹತ್ತಿದರು. ವೃತ್ತಿ ಶಿಕ್ಷಣ ಇಲಾಖೆಯಡಿ ಕೌಶಲಾಭಿವೃದ್ಧಿಗೆ ಪ್ರತ್ಯೇಕ ಕಚೇರಿ ಹುಟ್ಟಿತು. ಕಾಲೇಜು, ಶಾಲೆ, ಉದ್ಯೋಗದಾತರು ಒಟ್ಟಾಗಿ ಅರ್ಜಿ ಹಾಕಿದರೆ ಮಾತ್ರ ಸಿಗುವ ಪ್ರಾದೇಶಿಕ ಅನುದಾನದ ವ್ಯವಸ್ಥೆ ಬಂತು. ಕಾಲೇಜೊಂದೇ ತನ್ನಿಷ್ಟದ ಕೋರ್ಸಿಗೆ ಹಣ ಕೇಳುವ ದಾರಿಯನ್ನು ಈ ಷರತ್ತು ಮುಚ್ಚಿತು.

ಏನಾಯಿತು

ವಿಮೆಯಿಲ್ಲದ ವಯಸ್ಕರ ಪ್ರಮಾಣ 2013ರ ಶೇ 22.5ರಿಂದ 2015ರ ಮೊದಲಾರ್ಧಕ್ಕೆ 9.1ಕ್ಕೆ ಇಳಿಯಿತು. ದೇಶದಲ್ಲೇ ಅತಿ ಹೆಚ್ಚು ಇಳಿಕೆ ಇದ್ದ ರಾಜ್ಯಗಳ ಸಾಲಿನಲ್ಲಿ ಅರ್ಕಾನ್ಸಾಸ್ ಮುಂಚೂಣಿಯಲ್ಲಿತ್ತು. ಪ್ರಚಾರಕ್ಕೆ ಹಣ ತಡೆದರೂ ಸದಸ್ಯತ್ವ 2 ಲಕ್ಷ ದಾಟಿತು, ಹೌಸ್ ಸದಸ್ಯರ ಲೆಕ್ಕಾಚಾರ ಕೈಗೂಡಲಿಲ್ಲ.

ವಿರೋಧಿಗಳ ಭಯವೆಲ್ಲ ಸುಳ್ಳಾಯಿತೆಂದಲ್ಲ. ಖಾಸಗಿ ಪಾಲಿಸಿ ದುಬಾರಿ ಎಂಬ ಮಾತಿನಲ್ಲಿ ಹುರುಳಿತ್ತು. ಫೆಡರಲ್ ಸರ್ಕಾರ 2014ಕ್ಕೆ ತಲಾ ತಿಂಗಳಿಗೆ 477.63 ಡಾಲರ್ ಮಿತಿ ಹಾಕಿತ್ತು, ಮೊದಲ ಕೆಲವು ತಿಂಗಳು ವೆಚ್ಚ ಅದನ್ನು ಮೀರಿತು. ಸಾಂಪ್ರದಾಯಿಕ ಮೆಡಿಕೇಡ್‌ಗಿಂತ ಈ ದಾರಿಗೆ ಸುಮಾರು 77.8 ಕೋಟಿ ಡಾಲರ್ ಹೆಚ್ಚು ತಗಲಬಹುದು ಎಂದು ಫೆಡರಲ್ ಲೆಕ್ಕಪತ್ರ ಕಚೇರಿ 2014ರ ಆಗಸ್ಟ್‌ನಲ್ಲಿ ಅಂದಾಜಿಸಿತು. ರಾಜಕೀಯ ಒಪ್ಪಿಗೆಗಾಗಿ ಆರಿಸಿದ ವಿನ್ಯಾಸಕ್ಕೆ ತೆತ್ತ ಬೆಲೆ ಅದು.

ಮತದ ಬೆಲೆಯನ್ನು ವ್ಯಕ್ತಿಗಳೂ ತೆತ್ತರು. 2014ರಲ್ಲೇ ಯೋಜನೆಯ ಪರ ನಿಂತಿದ್ದ ಕೆಲವರು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಸೋತರು. ನಮ್ಮ ಸೆನೆಟರ್‌ಗೆ 2016ರಲ್ಲಿ ಸ್ವಪಕ್ಷದವರೇ ಎದುರಾಳಿಯಾದರು, ಅವರು ಗೆದ್ದು ಮರಳಿದರು.

ಮುಕ್ಕಾಲು ಪಾಲಿನ ಗೋಡೆ ಮಾತ್ರ ಅಲ್ಲೇ ಇತ್ತು. 2016ರಲ್ಲಿ ಹೊಸ ಗವರ್ನರ್ ಯೋಜನೆಗೆ 'ಅರ್ಕಾನ್ಸಾಸ್ ವರ್ಕ್ಸ್' ಎಂದು ಮರುನಾಮಕರಣ ಮಾಡಿದಾಗ ಕಾನೂನಿಗೆ ಸಿಕ್ಕಿದ್ದು ಹೌಸ್‌ನಲ್ಲಿ 70, ಸೆನೆಟ್‌ನಲ್ಲಿ 25. ಕಾನೂನಿಗೆ ಅಷ್ಟು ಸಾಕು, ಹಣಕ್ಕೆ ಸಾಲದು. ಈ ಬಾರಿ ಒಬ್ಬ ವಿರೋಧಿಯನ್ನು ಒಲಿಸುವ ದಾರಿ ಸಿಗಲಿಲ್ಲವಾಗಿ, ಬಜೆಟ್‌ನೊಳಗೇ 'ಡಿಸೆಂಬರ್ 31ಕ್ಕೆ ಯೋಜನೆ ರದ್ದು' ಎಂಬ ವಾಕ್ಯ ಸೇರಿಸಿದರು. ರದ್ದಿಗೆ ಮತ ಹಾಕಿದೆವೆಂದು ಹೇಳಿಕೊಳ್ಳಲು ಕೆಲವು ವಿರೋಧಿಗಳಿಗೆ ಅನುಕೂಲವಾಯಿತು, ಬಜೆಟ್ ಪಾಸಾಯಿತು. ಏಪ್ರಿಲ್ 21ರಂದು ಗವರ್ನರ್ ಆ ಒಂದು ವಾಕ್ಯವನ್ನಷ್ಟೇ ವೀಟೊ ಮಾಡಿ ಹೊಡೆದುಹಾಕಿದರು. ವೀಟೊ ಮುರಿಯಲು ಬೇಕಾದ ಸರಳ ಬಹುಮತ ವಿರೋಧಿಗಳ ಬಳಿ ಇರಲಿಲ್ಲ. ಎಲ್ಲರಿಗೂ ಮೊದಲೇ ಗೊತ್ತಿದ್ದ ನಾಟಕ. ಆದರೆ ಹೀಗೆ ಗೆದ್ದ ಮತದಿಂದ ಹೊಸದೇನೂ ಹುಟ್ಟಲಿಲ್ಲ. 2014ರ ಮತದಿಂದ ಒಂದು ತರಬೇತಿ ಕಚೇರಿಯಾದರೂ ಹುಟ್ಟಿತ್ತು.

ಅದೇ ಆಕ್ಷೇಪ, ಬೇರೆ ಉತ್ತರ

'ವಿಮೆ ಕೊಡುತ್ತೀರಿ, ಕೆಲಸ?' ಎಂಬ ಪ್ರಶ್ನೆ 2018ರಲ್ಲಿ ಮತ್ತೆ ಬಂತು. ಈ ಬಾರಿ ಉತ್ತರ ತರಬೇತಿಯಲ್ಲ, ಷರತ್ತು. ಜೂನ್‌ನಿಂದ 30ರಿಂದ 49 ವಯಸ್ಸಿನವರು ತಿಂಗಳಿಗೆ 80 ಗಂಟೆ ಕೆಲಸ, ಓದು ಅಥವಾ ಸೇವೆ ಮಾಡಿ, ಮುಂದಿನ ತಿಂಗಳ 5ರೊಳಗೆ ವರದಿ ಮಾಡಬೇಕು. ವರ್ಷದಲ್ಲಿ ಮೂರು ತಿಂಗಳು ತಪ್ಪಿದರೆ ಆ ವರ್ಷದ ಕೊನೆಯವರೆಗೆ ವಿಮೆ ಇಲ್ಲ.

ಎಡವಿದ್ದು ತತ್ವಕ್ಕಿಂತ ಹೆಚ್ಚಾಗಿ ಜಾರಿಯ ವ್ಯವಸ್ಥೆಯಲ್ಲಿ. ವರದಿಗೆ ಆನ್‌ಲೈನ್ ಪೋರ್ಟಲ್ ಒಂದೇ ದಾರಿ. ಅದಕ್ಕೆ ಇಮೇಲ್ ಬೇಕು, ಅಂಚೆಯಲ್ಲಿ ಬಂದ ಪತ್ರದಲ್ಲಿನ ಸಂಖ್ಯೆ ಹಾಕಿ ಖಾತೆ ಜೋಡಿಸಬೇಕು. ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಪೋರ್ಟಲ್ ಮುಚ್ಚಿರುತ್ತಿತ್ತು. ದಿನವಿಡೀ ದುಡಿದು ಮನೆಗೆ ಬಂದವರಿಗೆ ತಾವು ದುಡಿದದ್ದನ್ನು ಹೇಳಲು ಸಮಯವೇ ಇಲ್ಲ. ಫೋನಿನಲ್ಲಿ ಹೇಳುವ ಅವಕಾಶ ಬಂದದ್ದು ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ 18,000ಕ್ಕೂ ಹೆಚ್ಚು ಮಂದಿ ವಿಮೆ ಕಳೆದುಕೊಂಡಿದ್ದರು. 2019ರಲ್ಲಿ ಪ್ರಕಟವಾದ ಹಾರ್ವರ್ಡ್ ಸಂಶೋಧಕರ ಅಧ್ಯಯನ ಉದ್ಯೋಗದಲ್ಲಿ ಗಮನಾರ್ಹ ಹೆಚ್ಚಳವನ್ನೇನೂ ಕಾಣಲಿಲ್ಲ. ನಿಯಮಕ್ಕೆ ಒಳಪಟ್ಟವರಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ಆಗಲೇ ಷರತ್ತು ಪೂರೈಸುತ್ತಿದ್ದರು ಅಥವಾ ವಿನಾಯಿತಿಗೆ ಅರ್ಹರಾಗಿದ್ದರು. 2019ರ ಮಾರ್ಚ್ 27ರಂದು ಫೆಡರಲ್ ನ್ಯಾಯಾಲಯ ಷರತ್ತನ್ನು ತಡೆಯಿತು, ಮರುವರ್ಷ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

2014ರ ಸೆನೆಟರ್ ಹೊರೆ ಹೊರಿಸಿದ್ದು ಸರ್ಕಾರದ ಮೇಲೆ: ಕೌಶಲ ಕೊಡುವ ವ್ಯವಸ್ಥೆ ಸರಿಪಡಿಸಿ. 2018ರ ನಿಯಮ ಹೊರೆ ಹೊರಿಸಿದ್ದು ಫಲಾನುಭವಿಯ ಮೇಲೆ: ದುಡಿಯುತ್ತಿದ್ದೀಯೆಂದು ರುಜುವಾತು ಮಾಡು. ಅನುದಾನಕ್ಕೆ ಷರತ್ತು ಹಾಕಲು ಕೂರುವ ಶಾಸಕರು ಮೊದಲು ತೀರ್ಮಾನಿಸಬೇಕಾದದ್ದು, ಷರತ್ತು ತಪ್ಪಿದಾಗ ಪೆಟ್ಟು ಬೀಳುವುದು ಯಾರಿಗೆ ಎಂಬುದನ್ನು.

ಇದು ಹಳೆಯ ಕಡತವಲ್ಲ. 2025ರ ಜುಲೈ 4ರಂದು ಸಹಿಯಾದ ಫೆಡರಲ್ ಕಾಯ್ದೆಯು ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳಿಗೆಲ್ಲ ಅದೇ 80 ಗಂಟೆಯ ನಿಯಮವನ್ನು ತಂದಿದೆ. 2027ರ ಆರಂಭದ ಹೊತ್ತಿಗೆ ಅದು ಜಾರಿಯಾಗಬೇಕು. ವೇತನ ದಾಖಲೆಗಳಿಂದ ತಾನೇ ಪರಿಶೀಲಿಸಿ ಎಷ್ಟು ಜನರನ್ನು ವರದಿಯ ಗೋಜಿನಿಂದ ಬಿಡಬಹುದು, ಫೋನು ಮತ್ತು ಕೌಂಟರು ಮೊದಲ ದಿನದಿಂದಲೇ ತೆರೆದಿರುತ್ತವೆಯೇ, ತರಬೇತಿಯ ಸೀಟುಗಳು ಎಷ್ಟಿವೆ ಎಂಬುದನ್ನು ಪ್ರತಿ ರಾಜ್ಯವೂ ಈಗ ಲೆಕ್ಕ ಹಾಕಬೇಕಿದೆ.